ಬಾಡಿಗೆಯೊಂದನ್ನೇ ನೋಡಬೇಡಿ

ಬೆಂಗಳೂರಿನಲ್ಲಿ ಸಂಸಾರ ಹೂಡುವವರೇ, ಮನೆ ಹುಡುಕುವಾಗ ಮೇಂಟೆನೆನ್ಸ್, ಬೇಸಿಗೆಯ ಟ್ಯಾಂಕರ್ ನೀರು, ಆಫೀಸಿಗೆ ಹೋಗಿಬರುವ ಖರ್ಚು ಎಲ್ಲವನ್ನೂ ಬಾಡಿಗೆಗೆ ಕೂಡಿಸಿ ನೋಡಿ. ದೂರದ ಅಗ್ಗದ ಮನೆಯೇ ಎಷ್ಟೋ ಸಲ ದುಬಾರಿ ಬೀಳುತ್ತದೆ. ಅಡ್ವಾನ್ಸ್ ವಿಚಾರದಲ್ಲಿ ಸಂಕೋಚ ಬೇಡ, ಚೌಕಾಸಿ ಮಾಡಿ. ಮನೆ ಬಿಡುವಾಗ ಪೇಂಟಿಂಗಿಗೆಂದು ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬುದನ್ನು ಕರಾರುಪತ್ರದಲ್ಲೇ ಬರೆಸಿ; ಜಗಳವಾಗುವುದು ಅಲ್ಲೇ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ, ಗೀಸರ್ ಮೇಲೆ ಕಣ್ಣಿರಲಿ. ರಾಜ್ಯದ ಹೆಣ್ಣುಮಕ್ಕಳಿಗೆ 2023ರಿಂದ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ, ಧಾರಾಳವಾಗಿ ಬಳಸಿ. ಆದರೆ ಆರೋಗ್ಯ ವಿಮೆಯಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಒಂದೇ ಆಸ್ಪತ್ರೆ ಬಿಲ್ ವರ್ಷಗಳ ಉಳಿತಾಯವನ್ನು ನುಂಗಬಲ್ಲದು. ಈ ತಿಂಗಳ ಸಂಬಳ ಬಂದ ದಿನವೇ ಆರ್‌ಡಿಗೆ ಒಂದಿಷ್ಟು ಕಟ್ಟಿ, ಆಮೇಲೆ ಉಳಿದ ಖರ್ಚಿಗೆ ಕೈ ಹಾಕಿ.