ವೀರನಿಗೆ ಪ್ರಶ್ನೆ: ‘ವಾಚ್‌ಮೆನ್’ ಎಂಬ ಚಿತ್ರಕಾದಂಬರಿ

ಚಿತ್ರಕಥೆಯೆಂದರೆ ಮಕ್ಕಳ ಆಟಿಕೆಯೆಂದು ತಳ್ಳಿಬಿಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಆದರೆ ಕರಾವಳಿಯವರಾದ ನಾವು ಹಾಗೆನ್ನುವುದು ಉಚಿತವಲ್ಲ. 1929ರಲ್ಲಿ ಕಾರ್ಕಳದಲ್ಲಿ ಜನಿಸಿದ ಅನಂತ ಪೈಯವರು 1967ರಲ್ಲಿ ಆರಂಭಿಸಿದ ‘ಅಮರ ಚಿತ್ರಕಥೆ’ಯ ಪುಟಗಳಲ್ಲಿಯೇ ಎಷ್ಟೋ ಮಂದಿ ಪುರಾಣಪುರುಷರನ್ನು ಮೊದಲು ಕಂಡರು. ಅಲ್ಲಿ ವೀರನು ವೀರನೇ. ಮಗು ಅವನನ್ನು ಪ್ರೀತಿಸಬೇಕು, ಅಷ್ಟೇ. ಬೆಳೆದ ಓದುಗನಾದರೋ ಅವನನ್ನು ಪ್ರಶ್ನಿಸಲೂ ಬೇಕು. ಅಂತಹ ಪ್ರಶ್ನೆಯನ್ನೇ ವಸ್ತುವಾಗಿಸಿಕೊಂಡ ಚಿತ್ರಕಾದಂಬರಿ ‘ವಾಚ್‌ಮೆನ್’.

ಇದನ್ನು ಬರೆದವರು ಇಂಗ್ಲೆಂಡಿನ ಆಲನ್ ಮೂರ್. ಚಿತ್ರಗಳು ಡೇವ್ ಗಿಬ್ಬನ್ಸರವು, ಬಣ್ಣ ಜಾನ್ ಹಿಗ್ಗಿನ್ಸರದು. ಅಮೆರಿಕದ ಡಿ. ಸಿ. ಕಾಮಿಕ್ಸ್ ಸಂಸ್ಥೆ 1986-87ರಲ್ಲಿ ಇದನ್ನು 12 ಸಂಚಿಕೆಗಳಾಗಿ ಪ್ರಕಟಿಸಿತು. 1938ರಲ್ಲಿ ಸೂಪರ್‌ಮ್ಯಾನ್ ಅವತರಿಸಿದಂದಿನಿಂದ ಈ ಬಗೆಯ ಕಥೆಗಳ ಕ್ರಮವೊಂದೇ: ದುಷ್ಟನು ಬರುವನು, ವೀರನು ಹೊಡೆಯುವನು, ನಾವು ಚಪ್ಪಾಳೆ ತಟ್ಟುವೆವು. ಇಂತಹ ಮುಸುಕಿನ ವೀರರು ನಿಜವಾಗಿಯೂ ನಮ್ಮ ಬೀದಿಗಳಲ್ಲಿ ಓಡಾಡಿದರೆ ಅವರಿಗೆ ಅಧಿಕಾರ ಕೊಟ್ಟವರಾರು? ಮೂರ್ ಕೇಳುವುದು ಇದನ್ನು. ಕೃತಿಯ ಹೆಸರಿನ ಹಿಂದೆ ರೋಮನ್ ಕವಿ ಜುವೆನಾಲನ ಹಳೆಯ ಸಂದೇಹವಿದೆ. ಕಾಯುವವರ ಮೇಲೆ ಕಣ್ಣಿಡುವವರು ಯಾರೆಂಬುದು ಅದರ ತಾತ್ಪರ್ಯ.

ಕಥೆ 1985ರ ನ್ಯೂಯಾರ್ಕಿನಲ್ಲಿ ನಡೆಯುತ್ತದೆ. ಇಂತಹ ವೀರರನ್ನು 1977ರಲ್ಲಿಯೇ ಕಾನೂನು ನಿಷೇಧಿಸಿದೆಯೆಂಬುದು ಕಲ್ಪನೆ. ಅವರಲ್ಲೊಬ್ಬನ ಕೊಲೆಯಾಗುತ್ತದೆ. ರೋರ್ಷಾಕ್ ಎಂಬ ಹಟವಾದಿ ಕೊಲೆಗಾರನನ್ನು ಹುಡುಕುತ್ತಾನೆ. ಕೊನೆಗೆ ತಿಳಿಯುವುದೇನು? ಅಣುಯುದ್ಧವನ್ನು ತಪ್ಪಿಸಲೆಂದು, ವೀರರಲ್ಲಿ ಅತ್ಯಂತ ಬುದ್ಧಿವಂತನಾದ ಓಝಿಮ್ಯಾಂಡಿಯಾಸನೇ ನಗರದ ಲಕ್ಷಾಂತರ ಜನರನ್ನು ಕೊಲ್ಲುವ ಸಂಚು ಹೂಡಿರುವನು! ಶಾಂತಿ ಸಿದ್ಧಿಸುತ್ತದೆ. ಉಳಿದವರು ಸತ್ಯವನ್ನು ಮುಚ್ಚಿಡಲು ಒಪ್ಪುತ್ತಾರೆ. ಒಪ್ಪದ ರೋರ್ಷಾಕ್ ಜೀವ ತೆರುತ್ತಾನೆ.

ಕೃತಿಯ ಶಿಲ್ಪವೂ ಈ ವಿಚಾರಕ್ಕೆ ಒದಗುತ್ತದೆ. ಹೆಚ್ಚಿನ ಪುಟಗಳು ಒಂಬತ್ತು ಸಮಚೌಕಟ್ಟುಗಳ ವಿನ್ಯಾಸವನ್ನು ಆಧರಿಸಿವೆ. ಸಾಮಾನ್ಯ ಕಾಮಿಕ್ಸಿನಲ್ಲಿ ವೀರನು ಚೌಕಟ್ಟನ್ನೊಡೆದು ಹಾರುವನು. ಇಲ್ಲಿ ಪತ್ರಿಕೆ ಮಾರುವವನಿಗೆ ದೊರೆತಷ್ಟೇ ಜಾಗ ವೀರನಿಗೂ. ಆ ಮಾರಾಟಗಾರನನ್ನೂ ಅವನ ಪಕ್ಕದಲ್ಲಿ ಕುಳಿತು ಓದುವ ಹುಡುಗನನ್ನೂ ನಾವು ಮತ್ತೆ ಮತ್ತೆ ಕಂಡು ಪರಿಚಯಮಾಡಿಕೊಳ್ಳುತ್ತೇವೆ. ಸಂಚು ಫಲಿಸಿದಾಗ ಸಾಯುವವರು ಅವರೇ. ಲಕ್ಷವೆಂಬ ಸಂಖ್ಯೆಗೆ ಹೀಗೆ ಮುಖ ಬರುತ್ತದೆ.

ವೀರನನ್ನು ಪ್ರಶ್ನಿಸುವ ಈ ರೀತಿ ನಮಗೆ ಅಪರಿಚಿತವೇ? ಅಲ್ಲ. ಉರ್ವದಿಂದ ಕಾಸರಗೋಡಿನವರೆಗೆ ತಾಳಮದ್ದಳೆ ಕೇಳಿದವರೆಲ್ಲರೂ ವಾಲಿಯನ್ನು ಬಲ್ಲರು. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು, ನೆಲಕ್ಕುರುಳಿದ ವಾಲಿ ನೇರವಾಗಿ ಪ್ರಶ್ನಿಸುವನು. ಶೇಣಿ ಗೋಪಾಲಕೃಷ್ಣ ಭಟ್ಟರು ಆ ಪಾತ್ರದ ಅರ್ಥಗಾರಿಕೆಗೆ ಹೆಸರಾದವರು. ರಾಮನು ಸುಮ್ಮನಿರುವಂತಿಲ್ಲ, ತಮ್ಮನ ಮಡದಿಯನ್ನು ವಾಲಿ ಅಪಹರಿಸಿದುದನ್ನು ಮುಂದಿಟ್ಟು ಉತ್ತರಿಸಲೇಬೇಕು.

ಎರಡಕ್ಕೂ ಇರುವ ಅಂತರ ಗಮನಾರ್ಹವಾದುದು. ಬಾಣ ತಾಗಿದ ವಾಲಿಗೆ ಕೇಳುವಷ್ಟು ಉಸಿರಾದರೂ ಉಳಿದಿತ್ತು. ನ್ಯೂಯಾರ್ಕಿನ ಆ ಮಾರಾಟಗಾರನಿಗೆ ಅದೂ ಉಳಿಯಲಿಲ್ಲ. ಓಝಿಮ್ಯಾಂಡಿಯಾಸನು ತನ್ನ ಸಮರ್ಥನೆಯನ್ನು ಹೇಳಿಕೊಳ್ಳುವುದು ಇತರ ವೀರರೆದುರಿಗೆ, ಸತ್ತವರೆದುರಿಗಲ್ಲ. ಲೋಕಹಿತದ ಹೆಸರಿನಲ್ಲಿ ಬಲವನ್ನು ಬಳಸುವವನು, ಆ ಬಲಕ್ಕೆ ಈಡಾದವನ ಪ್ರಶ್ನೆಗೆ ಉತ್ತರಿಸದಿದ್ದರೆ, ಅವನು ತಂದ ಶಾಂತಿಯೂ ಸಂದೇಹಾಸ್ಪದವೇ ಸರಿ. ರೋರ್ಷಾಕನ ದಿನಚರಿ ಪತ್ರಿಕಾ ಕಚೇರಿಯೊಂದರ ಕಾಗದದ ರಾಶಿಯಲ್ಲಿ ಬಿದ್ದಿರುವಲ್ಲಿಗೆ ಕಾದಂಬರಿ ಮುಗಿಯುತ್ತದೆ. ಅದನ್ನು ಎತ್ತಿಕೊಂಡರೆ ಸತ್ಯ ಹೊರಬೀಳುವುದು, ಶಾಂತಿ ಮುರಿದೀತು. ಎತ್ತಬೇಕೇ, ಬೇಡವೇ? ಮೂರ್ ತೀರ್ಪು ಕೊಡುವುದಿಲ್ಲ. ಆ ಹೊಣೆ ಓದುಗರದು.