ಬಿಡುಗಡೆ, ಸ್ವಾತಂತ್ರ್ಯ ಮತ್ತು ಬಿಟ್ಟಿ

ಶಿಗ್ಗಾಂವದ ಸಂತೆಯಲ್ಲಿ ಒಂದು ತಾಸು ನಿಂತರೆ ಕನ್ನಡದ ಜೊತೆಗೆ ಉರ್ದುವೂ ನಿಮ್ಮ ಕಿವಿಗೆ ಬೀಳುತ್ತದೆ. ನೆರೆಯ ಸವಣೂರು 1948ರವರೆಗೂ ನವಾಬರ ಸಂಸ್ಥಾನವಾಗಿತ್ತಲ್ಲವೇ? ಒಬ್ಬರು 'ಸ್ವಾತಂತ್ರ್ಯ' ಎಂದರೆ ಇನ್ನೊಬ್ಬರು 'ಆಜಾದಿ' ಎನ್ನುತ್ತಾರೆ. ಕೊಂಕಣಿ ಮಾತಾಡುವ ಮನೆಯ ಅಜ್ಜಿ 'ಸುಟ್ಕಾ' ಎಂದಾಳು. ಪ್ರಿಯ ಓದುಗರೇ, ಇವೆಲ್ಲ ಒಂದೇ ಮಾತೇ?

'ಸ್ವ' ಎಂದರೆ ತನ್ನ, 'ತಂತ್ರ' ಎಂದರೆ ಆಡಳಿತ, ಕಟ್ಟುಪಾಡು. ತನ್ನನ್ನು ತಾನು ಆಳಿಕೊಳ್ಳುವುದೇ ಸ್ವಾತಂತ್ರ್ಯ. ಮನಬಂದಂತೆ ನಡೆಯುವುದಕ್ಕೆ 'ಸ್ವೇಚ್ಛೆ' ಎಂಬ ಬೇರೆ ಪದವೇ ಇದೆ. ನಮ್ಮ ಹರೆಯದ ಮಕ್ಕಳು ಇವೆರಡನ್ನೂ ಬೆರೆಸುತ್ತಾರೆ, ತಂದೆತಾಯಿಗಳೂ ಬೆರೆಸುತ್ತಾರೆ! ಅಚ್ಚಗನ್ನಡದ 'ಬಿಡುಗಡೆ'ಯ ದಾರಿ ಬೇರೆ. ಅಲ್ಲಿ ಕಟ್ಟಿ ಹಾಕಿದವನೊಬ್ಬ ಇರಲೇಬೇಕು. ಕೊಂಕಣಿಯ ಸುಟ್ಕಾ ಕೂಡ ಹಾಗೆಯೇ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೋಟೆಬೆನ್ನೂರಿನ ಮೈಲಾರ ಮಹಾದೇವರು ಬಯಸಿದ ಬಿಡುಗಡೆ 1947ರಲ್ಲಿ ಬಂತು. ನಮ್ಮನ್ನು ನಾವೇ ಆಳಿಕೊಳ್ಳುವ ಕೆಲಸ ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲ.

ಇಂಗ್ಲಿಷಿನ 'ಫ್ರೀ' ಪದದ ಕಥೆ ಇನ್ನೂ ಸೊಗಸು. ಅದೂ ನಮ್ಮ 'ಪ್ರಿಯ'ವೂ ಒಂದೇ ಮೂಲದಿಂದ ಹುಟ್ಟಿದವು. ಮನೆಯಲ್ಲಿ ಪ್ರೀತಿಗೆ ಪಾತ್ರರಾದವರು ಸ್ವತಂತ್ರರು, ಉಳಿದವರು ಗುಲಾಮರು. ಲತೀನ್ ಭಾಷೆಯಲ್ಲಿ ಮನೆಯ ಮಕ್ಕಳಿಗೆ 'ಲಿಬೆರಿ' ಎನ್ನುತ್ತಿದ್ದರು, ಅಂದರೆ ಸ್ವತಂತ್ರರು. ಗುಲಾಮ ಮನೆಯಲ್ಲಿ ಸದಾ ಇರುವುದಿಲ್ಲ, ಮಗನಾದರೋ ಸದಾ ಇರುತ್ತಾನೆ ಎಂದು ಯೇಸುಸ್ವಾಮಿ ಹೇಳಿದ್ದನ್ನು (ಯೊವಾನ್ನ 8:35) ಈ ಬೆಳಕಿನಲ್ಲಿ ಓದಿ ನೋಡಿ.

ಅದೇ 'ಫ್ರೀ'ಗೆ ಪುಕ್ಕಟೆ ಎಂಬ ಅರ್ಥವೂ ಉಂಟು. ನಾವು ಅದನ್ನು 'ಬಿಟ್ಟಿ' ಎನ್ನುತ್ತೇವೆ. ಆದರೆ ಈ ಬಿಟ್ಟಿಯ ಮೂಲ ಸಂಸ್ಕೃತದ 'ವಿಷ್ಟಿ', ಅಂದರೆ ಕೂಲಿ ಕೊಡದೆ ಬಲವಂತವಾಗಿ ಮಾಡಿಸುವ ದುಡಿತ. ಒಬ್ಬನಿಗೆ ಪುಕ್ಕಟೆಯಾಗಿ ಸಿಕ್ಕಿದ್ದು ಇನ್ನೊಬ್ಬನ ಜೀತ! ಸಂವಿಧಾನದ 23ನೆಯ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿತು. 1976ರ ಕಾಯಿದೆ ಜೀತವನ್ನೇ ರದ್ದುಪಡಿಸಿತು. ಹೊಲದ ಮಾತು ಸರಿ, ಅಡುಗೆಮನೆಯ ಮಾತೇನು? ನಸುಕಿನಲ್ಲೆದ್ದು ರೊಟ್ಟಿ ಬಡಿಯುವ ಸೊಸೆ ನಿಮ್ಮ ಮನೆಯಲ್ಲಿ 'ಲಿಬೆರಿ'ಯೋ, ಬಿಟ್ಟಿಯೋ?

ಈ ವಾರ ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಗಲಾತ್ಯರಿಗೆ ಬರೆದ ಪತ್ರದ 5:13ನ್ನು ಓದಿರಿ. ಸ್ವತಂತ್ರರಾಗಲು ಕರೆಹೊಂದಿದವರಿಗೆ ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆಮಾಡಲು ಹೇಳುವಾಗ ಸಂತ ಪೌಲರು ಗ್ರೀಕಿನಲ್ಲಿ ಬಳಸಿದ್ದು ಗುಲಾಮನ ದುಡಿತದ ಪದವನ್ನೇ. ಆದರೆ ಅದನ್ನು ಅವರು ಹೇಳಿದ್ದು ಮನೆಯ ಒಬ್ಬರಿಗಲ್ಲ, ಎಲ್ಲರಿಗೂ.