ಬೆನ್ನುಹುರಿಗೆ ಪೆಟ್ಟಾದವರ ಉಸಿರಾಟ: ಮನೆಯವರು ಅರಿಯಬೇಕಾದದ್ದು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳ ತೋಟಗಳಲ್ಲಿ ಅಡಕೆ ಕೊಯ್ಯುವುದೆಂದರೆ ಎತ್ತರದ ಮರವೇರುವ ಕೆಲಸ. ಜಾರಿ ಬಿದ್ದವನ ಕತ್ತಿನ ಮೂಳೆ ಮುರಿದು, ಒಳಗಿನ ಬೆನ್ನುಹುರಿ ಜಜ್ಜಿಹೋದರೆ, ಕೈಕಾಲುಗಳೊಡನೆ ಉಸಿರೂ ಸೋಲಬಹುದು. ಜಗಳೂರಿನ ಬಯಲುಸೀಮೆಯಲ್ಲಿ ಮೋಟಾರ್ ಸೈಕಲ್ ಉರುಳಿದರೂ ಇದೇ ಆಪತ್ತು ಒದಗಬಹುದು. ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿರಿ, ಕೂರಿಸಬೇಡಿರಿ. ತಲೆ ಅಲುಗದಂತೆ ಹಿಡಿದುಕೊಂಡು 108ಕ್ಕೆ ಕರೆ ಮಾಡಿಸಿರಿ.

ಉಸಿರಾಟದ ಮುಖ್ಯ ಸ್ನಾಯು ವಪೆ. ಎದೆಗೂ ಹೊಟ್ಟೆಗೂ ನಡುವೆ ಇರುವ ಇದನ್ನು ನಡೆಸುವ ನರವು ಕತ್ತಿನ ಬೆನ್ನುಹುರಿಯ 3, 4 ಮತ್ತು 5ನೆಯ ಮಟ್ಟಗಳಿಂದ ಹೊರಡುತ್ತದೆ. ಪೆಟ್ಟು ಅದಕ್ಕೂ ಮೇಲಿದ್ದು ಹುರಿ ಪೂರ್ತಿಯಾಗಿ ಕೆಟ್ಟಿದ್ದರೆ, ಸಾಮಾನ್ಯವಾಗಿ ಜೀವನಪರ್ಯಂತ ವೆಂಟಿಲೇಟರ್ ಯಂತ್ರ ಬೇಕಾಗುತ್ತದೆ. ಪೆಟ್ಟು ಈ ಮಟ್ಟಗಳಲ್ಲೇ ಅಥವಾ ಕೆಳಗೆ ಇದ್ದರೆ ಅನೇಕರು ವಾರಗಳ, ಕೆಲವೊಮ್ಮೆ ತಿಂಗಳುಗಳ ಅಭ್ಯಾಸದಿಂದ ಯಂತ್ರವನ್ನು ಬಿಡಬಲ್ಲರು. ‘ಯಂತ್ರಕ್ಕೆ ಹಾಕಿದ ಮೇಲೆ ಇನ್ನೇನು ಉಳಿಯಿತು’ ಎಂದು ಹೇಳಿ ರೋಗಿಯನ್ನು ಮನೆಗೆ ಕರೆದೊಯ್ಯುವವರಿದ್ದಾರೆ. ಮರಳಿ ಬರಬಹುದಾಗಿದ್ದ ಉಸಿರು ಹೀಗೆ ನಿಂತುಹೋಗುತ್ತದೆ.

ಅಭ್ಯಾಸವು ವೈದ್ಯರ ಸಮ್ಮುಖದಲ್ಲಿ, ಕೆಲವೇ ನಿಮಿಷಗಳಿಂದ ಆರಂಭವಾಗುತ್ತದೆ. ಯಂತ್ರವನ್ನು ಬಿಡಿಸಿ, ರೋಗಿಯೇ ಉಸಿರಾಡಲು ಬಿಟ್ಟು, ದಣಿಯುವ ಮುನ್ನವೇ ಮತ್ತೆ ಜೋಡಿಸುತ್ತಾರೆ. ಬಿಡುವಿನ ಅವಧಿಯನ್ನು ದಿನದಿನಕ್ಕೆ ಹೆಚ್ಚಿಸುತ್ತ, ರಾತ್ರಿಯ ವೇಳೆ ಯಂತ್ರವನ್ನೇ ಇರಗೊಡುತ್ತಾರೆ. ಉಬ್ಬಸದ ರೋಗಿಗೆ ಒರಗಿ ಕುಳಿತರೆ ಹಿತ. ಇವರಿಗೆ ಹಾಗಲ್ಲ, ಅಂಗಾತ ಮಲಗಿದಾಗಲೇ ಉಸಿರು ಸುಲಭ. ಹೊಟ್ಟೆಯ ಸ್ನಾಯುಗಳಿಗೆ ಬಿಗಿಯಿಲ್ಲದ ಕಾರಣ, ಕುಳಿತಾಗ ಕರುಳು ಮುಂದಕ್ಕೆ ಜಾರಿ ವಪೆಯೂ ತಗ್ಗುತ್ತದೆ. ಆದುದರಿಂದಲೇ ಕೂರಿಸುವಾಗ ಹೊಟ್ಟೆಗೆ ಅಗಲವಾದ ಪಟ್ಟಿ ಕಟ್ಟುತ್ತಾರೆ. ತಿಳಿಯದೆ ತಲೆದಿಂಬು ಏರಿಸುವ ಬಂಧುಗಳು ಇದನ್ನು ಗಮನಿಸಬೇಕು.

ಯಂತ್ರ ಬಿಟ್ಟವರಿಗೂ ದೊಡ್ಡ ಶತ್ರು ಕಫ. ಕೆಮ್ಮುವ ಬಲವಿಲ್ಲದೆ ಅದು ಒಳಗೇ ನಿಂತು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಇಲ್ಲಿ ನಿಮ್ಮ ಕೈಗಳೇ ರೋಗಿಯ ಹೊಟ್ಟೆಯ ಸ್ನಾಯುಗಳಾಗಬೇಕು. ಎರಡೂ ಅಂಗೈಗಳನ್ನು ಪಕ್ಕೆಲುಬಿನ ಕೆಳಗೆ, ಹೊಕ್ಕುಳಿನ ಮೇಲ್ಭಾಗದಲ್ಲಿ ಇರಿಸಿರಿ. ರೋಗಿ ಆಳವಾಗಿ ಉಸಿರೆಳೆದು ಕೆಮ್ಮಲು ತೊಡಗಿದ ಕ್ಷಣದಲ್ಲೇ ಒಳಕ್ಕೂ ಮೇಲಕ್ಕೂ ಥಟ್ಟನೆ ಒತ್ತಿರಿ. ಕ್ಷಣ ತಪ್ಪಿದರೆ ಪ್ರಯೋಜನವಿಲ್ಲ. ಇದನ್ನು ಫಿಸಿಯೊಥೆರಪಿಸ್ಟರ ಕೈಕೆಳಗೆ ಕಲಿತ ನಂತರವೇ ಮಾಡತಕ್ಕದ್ದು. ಊಟವಾದ ಕೂಡಲೇ ಕೂಡದು, ಪಕ್ಕೆಲುಬು ಮುರಿದಿದ್ದರಂತೂ ಕೂಡದು. ಮಗ್ಗುಲು ಬದಲಿಸುವುದನ್ನು ಮರೆಯಬಾರದು; ಕಫ ಒಂದೇ ಕಡೆ ನಿಲ್ಲದಿರಲು, ಬೆನ್ನಿನ ಹುಣ್ಣು ತಪ್ಪಿಸಲು ಎರಡು ಗಂಟೆಗೊಮ್ಮೆ ಬದಲಿಸುವುದು ರೂಢಿ.

ಯಂತ್ರದೊಡನೆಯೇ ಮನೆಗೆ ಮರಳುವವರಿಗೆ ವಿದ್ಯುತ್ತಿನ ಚಿಂತೆ ಇದ್ದೇ ಇದೆ. ಬ್ಯಾಟರಿಯ ಜೊತೆಗೆ, ಕೈಯಿಂದ ಹಿಸುಕಿ ಗಾಳಿ ಊಡುವ ಅಂಬು ಚೀಲ ಹಾಸಿಗೆಯ ಬಳಿಯೇ ಇರಬೇಕು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹರಡಿ ಯಂತ್ರಗಳು ಸಾಲದಾದಾಗ, ವೈದ್ಯ ವಿದ್ಯಾರ್ಥಿಗಳು ಸರದಿಯಂತೆ ಕುಳಿತು ರಬ್ಬರ್ ಚೀಲ ಹಿಸುಕಿ ರೋಗಿಗಳನ್ನು ಉಳಿಸಿದರು. ಮನೆಯಲ್ಲಿ ಒಬ್ಬರಿಗೆ ಮಾತ್ರ ಈ ಕೆಲಸ ಬಂದರೆ ಸಾಲದು. ಆಕೆ ನೀರಿಗೆ ಹೋದಾಗ ಕರೆಂಟು ಹೋದೀತು. ಆಸ್ಪತ್ರೆಯಿಂದ ಹೊರಡುವ ಮೊದಲೇ ಇಬ್ಬರಾದರೂ ಕಲಿತಿರಬೇಕು.